ಕಾಗದದ ಮಮ್ಮಿಯೂ ಒದ್ದೆ ಮರಳೂ

— ಚಿಕ್ಕಮ್ಮ, ಮುಂದಿನ ತಿಂಗಳು ನಮ್ಮ ಹುಡುಗಿಯ ತರಗತಿಯಲ್ಲಿ ‘ಈಜಿಪ್ಟ್ ದಿನ’. ಕೈಕೆಲಸ ಮಾಡಿಸಲು ತಂದೆತಾಯಿ ಯಾರಾದರೂ ಬನ್ನಿ ಅಂತ ಟೀಚರ್ ಚೀಟಿ ಕಳಿಸಿದ್ದರು. ಉತ್ಸಾಹದಲ್ಲಿ ಹೆಸರು ಕೊಟ್ಟುಬಿಟ್ಟೆ. ಈಗ ಕೂತು ಯೋಚಿಸಿದರೆ ತಲೆಗೆ ಬರುವುದು ಒಂದೇ: ಮಕ್ಕಳನ್ನು ಟಾಯ್ಲೆಟ್ ಪೇಪರಿನಲ್ಲಿ ಸುತ್ತಿ ಮಮ್ಮಿ ಮಾಡುವುದು.

— ಸುತ್ತಿದ ಮೇಲೆ?

— ನಗುವುದು, ಫೋಟೊ ತೆಗೆಯುವುದು, ಪೇಪರ್ ಹರಿದುಕೊಂಡು ಓಡುವುದು.

— ಮಜಾ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕೆ ಈಜಿಪ್ಟ್ ಯಾಕೆ ಬೇಕು? ಯಾರ ಹುಟ್ಟುಹಬ್ಬದಲ್ಲಾದರೂ ಆಡಿಸಬಹುದಾದ ಆಟ ಅದು. ಇಷ್ಟಕ್ಕೂ ಆ ಪುಟ್ಟ ಮಕ್ಕಳಿಗೆ ಅಲ್ಲಿ ಈಜಿಪ್ಟ್ ಪಾಠ ಯಾಕೆ ಇಟ್ಟಿದ್ದಾರೆ?

— ಇಂಗ್ಲೆಂಡಿನ ಪಠ್ಯಕ್ರಮದಲ್ಲಿ 7ರಿಂದ 11 ವರ್ಷದ ಮಕ್ಕಳಿಗೆ ಆದಿ ನಾಗರಿಕತೆಗಳ ಪಾಠ ಇದೆ. ಸುಮೇರ್, ಸಿಂಧೂ ಕಣಿವೆ, ಈಜಿಪ್ಟ್, ಚೀನಾದ ಶಾಂಗ್ ವಂಶ, ಈ ನಾಲ್ಕರಲ್ಲಿ ಒಂದನ್ನು ಶಾಲೆಯವರು ಆರಿಸಿಕೊಂಡು ಆಳವಾಗಿ ಕಲಿಸಬೇಕು. ನಮ್ಮ ಶಾಲೆ ಈಜಿಪ್ಟ್ ಹಿಡಿದಿದೆ.

— ಸಿಂಧೂ ಕಣಿವೆಯೂ ಇತ್ತಲ್ಲ?

— ನಾನೂ ಕೇಳಿದೆ. ಈಜಿಪ್ಟ್ ಅಂದರೆ ಮಕ್ಕಳು ತಾವಾಗಿ ಬಂದು ಕೂರುತ್ತಾರೆ, ಅದರಲ್ಲಿ ಮಮ್ಮಿ ಇದೆ ಅಂದರು.

— ಪ್ರಾಮಾಣಿಕವಾಗಿಯೇ ಹೇಳಿದ್ದಾರೆ. ಆದರೆ ಈಜಿಪ್ಟನ್ನು ಆರಿಸಲು ಅದಕ್ಕಿಂತ ಒಳ್ಳೆಯ ಕಾರಣ ಒಂದಿದೆ. ಆ ಜನ ತಮ್ಮ ದಿನನಿತ್ಯದ ಕೆಲಸವನ್ನೆಲ್ಲ ಗೋರಿಗಳ ಗೋಡೆ ಮೇಲೆ ಬರೆದಿಟ್ಟು ಹೋಗಿದ್ದಾರೆ. ಉಳುವವನು, ಇಟ್ಟಿಗೆ ಹೊಯ್ಯುವವನು, ರೊಟ್ಟಿ ಸುಡುವವಳು, ಮೀನು ಸೀಳುವವನು, ದೋಣಿ ಕಟ್ಟುವವನು, ಎಲ್ಲರೂ ಅಲ್ಲಿದ್ದಾರೆ. ಬರಹವನ್ನೂ ಓದಬಹುದು. ಸಿಂಧೂ ಲಿಪಿ ಇನ್ನೂ ಬಾಯಿ ಬಿಟ್ಟಿಲ್ಲ. ಕೈಕೆಲಸದ ಪಾಠಕ್ಕೆ ಇಷ್ಟು ಸಾಮಗ್ರಿ ಬಿಟ್ಟುಹೋದ ಹಳಬರು ಇನ್ನೊಬ್ಬರಿಲ್ಲ. ಅಂಥವರ ಹತ್ತಿರ ಹೋಗಿ ನಾವು ಕಲಿಸುವುದು ಟಾಯ್ಲೆಟ್ ಪೇಪರ್ ಸುತ್ತುವುದನ್ನೇ?

— ಹಾಗಾದರೆ ಏನು ಮಾಡಿಸಲಿ? ಇಂಟರ್ನೆಟ್ಟಿನಲ್ಲಿ ನೋಡಿದರೆ ಪೇಪರ್ ಪ್ಲೇಟಿನ ಚಿನ್ನದ ಮುಖವಾಡ, ಸಕ್ಕರೆ ತುಂಡಿನ ಪಿರಮಿಡ್, ಟಾಯ್ಲೆಟ್ ರೋಲಿನ ಶವಪೆಟ್ಟಿಗೆ. ಎಲ್ಲವೂ ಚೆನ್ನಾಗಿ ಕಾಣುತ್ತವೆ.

— ಕಾಣುತ್ತವೆ, ಅಷ್ಟೇ. ನಾನು ಪ್ರೈಮರಿ ಶಾಲೆಯಲ್ಲಿ ಇದ್ದಷ್ಟು ಕಾಲವೂ ಒಂದು ಪ್ರಶ್ನೆ ಕೇಳಿಕೊಂಡೇ ಚಟುವಟಿಕೆ ಆರಿಸುತ್ತಿದ್ದೆ. ಆ ಕಾಲದವರು ಮಾಡಿದ ಕೆಲಸವನ್ನು ಮಗುವಿನ ಕೈ ಮಾಡುತ್ತಿದೆಯೋ, ಇಲ್ಲ ಅವರು ಮಾಡಿದ ವಸ್ತುವಿನ ಆಕಾರವನ್ನು ಮಾತ್ರ ಕತ್ತರಿಸುತ್ತಿದೆಯೋ? ಪೇಪರ್ ಪ್ಲೇಟಿಗೆ ಹಳದಿ ಬಳಿಯುವ ಮಗು ಹಳದಿ ಬಳಿಯುವುದನ್ನು ಕಲಿಯುತ್ತದೆ. ಅದೇ ಪ್ಲೇಟಿಗೆ ಕೇಸರ ಅಂಟಿಸಿದರೆ ಸಿಂಹ. ಈಜಿಪ್ಟ್ ಅದರಲ್ಲಿ ಎಲ್ಲಿದೆ?

— ಒಂದು ಉದಾಹರಣೆ ಹೇಳಿ.

— ಮರಳು. ಅಗಲವಾದ ಒಂದು ಬೇಕಿಂಗ್ ಟ್ರೇ ತಗೋ. ಎರಡು ಬೆರಳು ದಪ್ಪ ಒಣ ಮರಳು ಹರಡು. ಚಪ್ಪಟೆ ತಳದ ಚಿಕ್ಕ ಡಬ್ಬಿಯೊಳಗೆ ಕಲ್ಲು ತುಂಬು. ಡಬ್ಬಿಗೆ ದಾರ ಕಟ್ಟಿ, ದಾರದ ತುದಿಗೆ ರಬ್ಬರ್ ಬ್ಯಾಂಡ್ ಹಾಕು. ಪಕ್ಕದಲ್ಲಿ ಸ್ಕೇಲ್ ಇಟ್ಟುಕೊಂಡು ಮಕ್ಕಳು ಎಳೆಯಲಿ. ಒಣ ಮರಳಿನಲ್ಲಿ ಡಬ್ಬಿ ಮೂಗು ತಗ್ಗಿಸಿ ಹೂತುಕೊಳ್ಳುತ್ತದೆ, ಮುಂದೆ ಮರಳಿನ ಸಣ್ಣ ದಿಬ್ಬ ಏಳುತ್ತದೆ, ರಬ್ಬರ್ ಜಗ್ಗಿ ಜಗ್ಗಿ ಉದ್ದವಾಗುತ್ತದೆ. ಎಷ್ಟು ಉದ್ದವಾಯಿತು ಅಂತ ಬರೆದುಕೊಳ್ಳಲಿ. ಆಮೇಲೆ ಒಂದು ಲೋಟ ನೀರು ಕೊಟ್ಟು, ಸ್ವಲ್ಪ ಸ್ವಲ್ಪ ಚಿಮುಕಿಸಿ ಕಲಸಿ ಮತ್ತೆ ಎಳೆಯಿರಿ ಅನ್ನು. ಹದಕ್ಕೆ ಬಂದಾಗ ದಿಬ್ಬ ಏಳುವುದೇ ಇಲ್ಲ. ಡಬ್ಬಿ ಜಾರಿಕೊಂಡು ಬರುತ್ತದೆ, ರಬ್ಬರ್ ಅಷ್ಟು ಜಗ್ಗುವುದಿಲ್ಲ. ನೀರು ಜಾಸ್ತಿಯಾದರೆ ಮತ್ತೆ ಕೆಸರು, ಮತ್ತೆ ಕಷ್ಟ. ಹದ ಯಾವುದು ಅಂತ ನೀನು ಹೇಳಬೇಡ. ಅವರೇ ಕಂಡುಹಿಡಿಯಲಿ, ಜಗಳವಾದರೂ ಆಡಲಿ.

— ಇದು ವಿಜ್ಞಾನದ ಪಾಠವಲ್ಲವೇ?

— ಕೇಳು. ದೇರ್ ಎಲ್-ಬರ್ಶಾ ಅಂತ ಒಂದು ಊರು. ಅಲ್ಲಿ ಜೆಹುತಿಹೋತೆಪ್ ಎಂಬ ಅಧಿಕಾರಿಯ ಗೋರಿ ಇದೆ, ಸುಮಾರು 3,900 ವರ್ಷ ಹಳೆಯದು. ಗೋಡೆ ಮೇಲಿನ ಚಿತ್ರದಲ್ಲಿ ಅವನ ಬೃಹತ್ ವಿಗ್ರಹವನ್ನು ಮರದ ಜಾರುಬಂಡಿಯ ಮೇಲೆ ಕೂರಿಸಿದ್ದಾರೆ. 172 ಜನ ಹಗ್ಗ ಹಿಡಿದು ಎಳೆಯುತ್ತಿದ್ದಾರೆ. ವಿಗ್ರಹದ ತೊಡೆಯ ಮೇಲೆ ನಿಂತು ಒಬ್ಬ ಚಪ್ಪಾಳೆ ತಟ್ಟಿ ತಾಳ ಕೊಡುತ್ತಿದ್ದಾನೆ. ಪಾದದ ಬಳಿ ನಿಂತ ಇನ್ನೊಬ್ಬ ಕೊಡದಿಂದ ಬಂಡಿಯ ಮುಂದೆ ನೀರು ಸುರಿಯುತ್ತಿದ್ದಾನೆ. ಅದು ಏನೋ ಶುದ್ಧಿಶಾಸ್ತ್ರದ ನೀರಿರಬೇಕು ಅಂತ ಹಲವು ವಿದ್ವಾಂಸರು ಬಹಳ ಕಾಲ ಅಂದುಕೊಂಡಿದ್ದರು. 2014ರಲ್ಲಿ ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಈಗ ನಾನು ಹೇಳಿದ ಪ್ರಯೋಗವನ್ನೇ ಮಾಡಿ ನೋಡಿದರು. ಹದವಾಗಿ ಒದ್ದೆಯಾದ ಮರಳಿನಲ್ಲಿ ಎಳೆಯಲು ಅರ್ಧದಷ್ಟು ಬಲ ಸಾಕು ಅಂತ ತೋರಿಸಿದರು. ಮಕ್ಕಳು ಟ್ರೇಯಲ್ಲಿ ಒದ್ದಾಡಿದ ಮೇಲೆ ಆ ಚಿತ್ರ ತೋರಿಸು. ನೀರು ಸುರಿಯುವವನ ಮೇಲೆ ಬೆರಳಿಟ್ಟು ‘ಇವನು ಯಾಕೆ ಹೀಗೆ ಮಾಡುತ್ತಿದ್ದಾನೆ’ ಅಂತ ಕೇಳು. ದೊಡ್ಡ ದೊಡ್ಡವರಿಗೆ ಹೊಳೆಯದೆ ಹೋದದ್ದನ್ನು ಏಳು ವರ್ಷದ ಮಗು ಥಟ್ಟನೆ ಹೇಳುತ್ತದೆ. ಅದು ಇತಿಹಾಸದ ಪಾಠ.

— ತಾಳ ಕೊಡುವವನ ಪಾತ್ರಕ್ಕೆ ನಮ್ಮ ಹುಡುಗಿ ಜಗಳ ತೆಗೆಯುತ್ತಾಳೆ.

— ತೆಗೆಯಲಿ. ನಮ್ಮವರು ‘ಐಸಾ’ ಅನ್ನುತ್ತ ಎಳೆಯುವುದನ್ನೂ ಹೇಳಿಕೊಡು, ಆ ಬಿಳಿ ಹುಡುಗರೂ ಕೂಗಲಿ.

— ಸಕ್ಕರೆ ತುಂಡಿನ ಪಿರಮಿಡ್ ಬಿಟ್ಟುಬಿಡಲೇ?

— ಬಿಡಬೇಕಾಗಿಲ್ಲ. ಎಳೆದು ಸುಸ್ತಾದ ಮೇಲೆ ಕಟ್ಟಿಸು, ಆಗ ಅದಕ್ಕೆ ಅರ್ಥ ಬರುತ್ತದೆ. ಖುಫು ಎಂಬ ರಾಜನ ಪಿರಮಿಡ್ಡಿನಲ್ಲಿ ಸುಮಾರು 23 ಲಕ್ಷ ಕಲ್ಲುಗಳು. ಹೊಸದರಲ್ಲಿ 146 ಮೀಟರ್ ಎತ್ತರ ಇತ್ತು. ಅಂಕಿ ಕೇಳಿದರೆ ಪುಟ್ಟ ಮಕ್ಕಳಿಗೆ ಏನೂ ಅನ್ನಿಸುವುದಿಲ್ಲ. ಒಂದು ಡಬ್ಬಿ ಎಳೆದು ಕೈ ನೋಯಿಸಿಕೊಂಡ ಮಗುವಿಗೆ ‘ಇಂಥವು ಲಕ್ಷಗಟ್ಟಲೆ’ ಅಂದರೆ ಬಾಯಿ ತೆರೆದುಕೊಳ್ಳುತ್ತದೆ. ಇನ್ನೊಂದು ಮಾತು. ಗುಲಾಮರನ್ನು ಚಾಟಿಯಲ್ಲಿ ಹೊಡೆದು ಕಟ್ಟಿಸಿದರು ಅಂತ ಯಾವ ಮಗುವಾದರೂ ಸಿನಿಮಾ ನೋಡಿ ಹೇಳಿಯೇ ಹೇಳುತ್ತದೆ. ಹಾಗಲ್ಲ ಅಂತ ಹೇಳಲು ಸಿದ್ಧಳಾಗಿರು. ಗೀಜಾದಲ್ಲಿ ಕೆಲಸಗಾರರ ಊರೇ ಸಿಕ್ಕಿದೆ, ಅವರ ಗೋರಿಗಳು ಸಿಕ್ಕಿವೆ, ಮುರಿದು ಮತ್ತೆ ಕೂಡಿಕೊಂಡ ಮೂಳೆಗಳು ಸಿಕ್ಕಿವೆ. ಅಂದರೆ ಅವರಿಗೆ ಚಿಕಿತ್ಸೆ ಮಾಡುವವರಿದ್ದರು. 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್-ಜರ್ಫ್‌ನಲ್ಲಿ ಪುರಾತತ್ತ್ವಜ್ಞ ಪಿಯೆರ್ ತಾಲೆಯವರ ತಂಡಕ್ಕೆ ಮೆರೆರ್ ಎಂಬ ಮೇಸ್ತ್ರಿಯ ದಿನಚರಿ ಸಿಕ್ಕಿತು. ಇಂದು ತುರಾದಲ್ಲಿ ಸುಣ್ಣದಕಲ್ಲು ತುಂಬಿಕೊಂಡೆವು, ಮರುದಿನ ದೋಣಿಯಲ್ಲಿ ಗೀಜಾಕ್ಕೆ ಹೊರಟೆವು, ಹೀಗೆ ದಿನದಿನದ ಲೆಕ್ಕ. ಬರಹವಿರುವ ಪ್ಯಾಪಿರಸ್‌ಗಳಲ್ಲಿ ಅದಕ್ಕಿಂತ ಹಳೆಯದು ಇದುವರೆಗೆ ಸಿಕ್ಕಿಲ್ಲ. ನಮಗೆ ಸಿಕ್ಕ ಮೊದಲ ಕಾಗದದಲ್ಲಿ ಇರುವುದು ರಾಜನ ಹೊಗಳಿಕೆಯಲ್ಲ, ಮೇಸ್ತ್ರಿಯ ಲೆಕ್ಕ. ಇದು ನನಗೆ ಬಹಳ ಇಷ್ಟ.

— ಪ್ಯಾಪಿರಸ್ ಅಂದಿರಿ. ಅದನ್ನು ಮಾಡಿಸಬಹುದಲ್ಲ? ಕಂದು ಕಾಗದದ ಪಟ್ಟಿಗಳನ್ನು ಅಡ್ಡಡ್ಡ ಉದ್ದುದ್ದ ಅಂಟಿಸುವುದನ್ನು ನೋಡಿದ್ದೇನೆ.

— ಮಾಡಿಸು, ತಪ್ಪಿಲ್ಲ. ಆದರೆ ಮೊದಲು ನಿಜವಾದ ಗಿಡ ಮುಟ್ಟಿಸು. ನಿಮ್ಮಲ್ಲಿ ಕೊಳದ ಗಿಡ ಮಾರುವ ನರ್ಸರಿಗಳಲ್ಲಿ ಸಿಗುತ್ತದೆ. ಅದರ ದಂಟು ಗುಂಡಗಿಲ್ಲ, ಮೂರು ಏಣು. ನಮ್ಮ ಹೊಲಗಳಲ್ಲಿ ರೈತರು ಶಪಿಸಿಕೊಂಡು ಕೀಳುವ ಕೊನ್ನಾರಿ ಅದೇ ಕುಲದ್ದು. ಇಲ್ಲಿಯ ಮಕ್ಕಳಿಗಾದರೆ ಒಂದು ಕೊನ್ನಾರಿ ಕಿತ್ತು ಬೆರಳ ನಡುವೆ ಉರುಳಿಸಿ ನೋಡಿ ಅನ್ನುತ್ತೇನೆ. ಉರುಳುವುದಿಲ್ಲ, ಕಟಕಟ ಅಂತ ಮಗ್ಗುಲು ಬದಲಿಸುತ್ತದೆ. ಪ್ಯಾಪಿರಸ್ ದಂಟಿನ ಸಿಪ್ಪೆ ತೆಗೆದು, ಒಳಗಿನ ಬಿಳಿ ತಿರುಳನ್ನು ತೆಳ್ಳಗೆ ಸೀಳಿ, ಒಂದು ಪದರ ಹೀಗೆ, ಅದರ ಮೇಲೆ ಇನ್ನೊಂದು ಪದರ ಅಡ್ಡಡ್ಡ ಇಟ್ಟು ಬಡಿದು ಒತ್ತಿಟ್ಟರೆ ಗಿಡದ ರಸವೇ ಹಿಡಿದುಕೊಳ್ಳುತ್ತದೆ. ಬೇರೆ ಅಂಟು ಬೇಡ. ಕಂದು ಕಾಗದದಲ್ಲಿ ಮಾಡುವಾಗ ಈ ಒಂದು ವ್ಯತ್ಯಾಸ ಹೇಳಿಬಿಡು. ಹೇಳದಿದ್ದರೆ ಈಜಿಪ್ಟಿನವರು ಫೆವಿಕಾಲ್ ಇಟ್ಟುಕೊಂಡಿದ್ದರು ಅಂತ ಮಕ್ಕಳು ನಂಬುತ್ತಾರೆ.

— ಪ್ಯಾಪಿರಸ್‌ಗೂ ಕನ್ನಡಕ್ಕೂ ಏನೋ ಸಂಬಂಧ ಇದೆ ಅಂತ ಅಪ್ಪ ಹೇಳುತ್ತಿದ್ದರು. ಯಾವುದೋ ಗ್ರೀಕ್ ನಾಟಕ.

— ಹೌದು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಹಳೇ ತಿಪ್ಪೆಗಳನ್ನು ಅಗೆದಾಗ ರಾಶಿ ರಾಶಿ ಪ್ಯಾಪಿರಸ್ ಚೂರು ಸಿಕ್ಕವು. ಅದರಲ್ಲಿ ಒಂದು ಗ್ರೀಕ್ ಪ್ರಹಸನ, 1903ರಲ್ಲಿ ಅಚ್ಚಾಯಿತು. ಖಾರಿಟಿಯಾನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲತೀರದ ರಾಜನೊಬ್ಬನ ಕೈಗೆ ಸಿಕ್ಕಿರುತ್ತಾಳೆ, ಅವಳನ್ನು ಬಿಡಿಸಿಕೊಂಡು ಹೋಗುವ ಕಥೆ. ಆ ರಾಜನೂ ಅವನ ಕಡೆಯವರೂ ಆಡುವ ಮಾತು ಕನ್ನಡ ಅಂತ ಜರ್ಮನ್ ವಿದ್ವಾಂಸ ಹುಲ್ಶ್ ಹೇಳಿದ. ನಮ್ಮ ಆರ್. ಶಾಮಾಶಾಸ್ತ್ರಿಗಳೂ ಒಪ್ಪಿದರು, ಗೋವಿಂದ ಪೈಯವರೂ ಅದರ ಬಗ್ಗೆ ಬರೆದರು. ಒಪ್ಪದ ಪಂಡಿತರೂ ಇದ್ದಾರೆ. ಇದು ಫೇರೋಗಳ ಕಾಲದ್ದಲ್ಲ ಅನ್ನುವುದು ನೆನಪಿರಲಿ, ರೋಮನ್ನರು ಈಜಿಪ್ಟ್ ಆಳುತ್ತಿದ್ದಾಗಿನದು. ನಿನ್ನ ಮಗಳಿಗೆ ಮನೆಯಲ್ಲಿ ಹೇಳು, ಹೆಮ್ಮೆಪಡುತ್ತಾಳೆ. ಶಾಲೆಯಲ್ಲಿ ಬೇಡ. ಆ ದಿನ ಈಜಿಪ್ಟಿನವರದು.

— ಸರಿ. ಬರವಣಿಗೆಗೆ ಬನ್ನಿ. ಎಲ್ಲರ ಹೆಸರನ್ನೂ ಚಿತ್ರಲಿಪಿಯಲ್ಲಿ ಬರೆಸೋಣ ಅಂತಿದ್ದೇನೆ. ಉದ್ದುಂಡಗಿನ ಉಂಗುರದೊಳಗೆ ಬರೆಯುತ್ತಾರಲ್ಲ, ಕಾರ್ಟೂಷ್.

— ಆ ಉಂಗುರ ರಾಜರಾಣಿಯರ ಹೆಸರಿಗೆ ಮಾತ್ರ. ಶಾಂಪೋಲ್ಯೋ ಎಂಬ ವಿದ್ವಾಂಸ 1822ರಲ್ಲಿ ಲಿಪಿ ಬಿಡಿಸಿದ್ದೂ ಅದೇ ಜಾಡು ಹಿಡಿದು. ಉಂಗುರದೊಳಗಿರುವುದು ರಾಜನ ಹೆಸರು ಅಂತ ಗೊತ್ತಿದ್ದರಿಂದ ಪ್ಟೊಲೆಮಿ, ಕ್ಲಿಯೋಪಾತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಹೊಂದಿಸಿದ.

— ಒಂದು ದಿನಕ್ಕೆ ಮಕ್ಕಳು ರಾಜರಾದರೆ ಏನು ಕಳೆದುಹೋಗುತ್ತದೆ, ಚಿಕ್ಕಮ್ಮ? ಎಲ್ಲವನ್ನೂ ಕೂಲಿಯವರ ಕಡೆಯಿಂದಲೇ ನೋಡಬೇಕೇ?

— ಆಗಲಿ, ಉಂಗುರ ಹಾಕಿಸು. ಆದರೆ ಅಂಗಡಿಯಲ್ಲಿ ಸಿಗುವ ‘ಎ ಅಂದರೆ ಹದ್ದು, ಬಿ ಅಂದರೆ ಕಾಲು’ ಪಟ್ಟಿ ಇಟ್ಟುಕೊಂಡು ಇಂಗ್ಲಿಷ್ ಅಕ್ಷರವನ್ನೆಲ್ಲ ಬದಲಾಯಿಸಿಬಿಡಬೇಡ. ಅವರು ಸ್ವರಗಳನ್ನು ಬರೆಯುತ್ತಲೇ ಇರಲಿಲ್ಲ. ‘ಕಮಲ’ ಅಂತ ಬರೆಯಬೇಕು ಅನ್ನು. ಹಿಡಿಯಿರುವ ಬುಟ್ಟಿ ಕಕಾರ, ಗೂಬೆ ಮಕಾರ, ಮಲಗಿದ ಸಿಂಹ ಲಕಾರ. ಮುಗಿಯಿತು. ಆದರೆ ‘ಕೋಮಲ’ ಅಂದರೂ ಅದೇ ಮೂರು, ‘ಕಮಲಿ’ ಅಂದರೂ ಅದೇ ಮೂರು. ಮಕ್ಕಳು ತಮ್ಮ ಹೆಸರಿನ ಸ್ವರ ಕಿತ್ತು ಬರೆದು ಗೆಳೆಯರಿಗೆ ಓದಲು ಕೊಡಲಿ. ತಪ್ಪು ತಪ್ಪಾಗಿ ಓದಿ ಬಿದ್ದು ಬಿದ್ದು ನಗುತ್ತಾರೆ. ಆ ಲಿಪಿ ಓದುವುದು ಯಾಕೆ ಕಷ್ಟವಾಗಿತ್ತು ಅನ್ನುವುದು ಆ ನಗೆಯಲ್ಲೇ ತಿಳಿಯುತ್ತದೆ. ಇನ್ನೊಂದು ಗುಟ್ಟು: ಎಡದಿಂದಲೂ ಬರೆಯಬಹುದು, ಬಲದಿಂದಲೂ ಬರೆಯಬಹುದು. ಗೂಬೆ, ಸಿಂಹ ಯಾವ ಕಡೆ ಮುಖ ಮಾಡಿವೆಯೋ ಆ ಕಡೆಯಿಂದ ಓದಬೇಕು. ಎಡಗೈ ಮಕ್ಕಳಿಗೆ ಹೇಳಿ ನೋಡು, ಎಷ್ಟು ಖುಷಿಪಡುತ್ತಾರೆ ಅಂತ.

— ಪ್ಯಾಪಿರಸ್ ಮಾಡಿದ ಮೇಲೆ ಅದರ ಮೇಲೇ ಬರೆಸುತ್ತೇನೆ.

— ಅದಕ್ಕಿಂತ ಮಡಕೆ ಚೂರಿನ ಮೇಲೆ ಬರೆಸು. ಪ್ಯಾಪಿರಸ್ ದುಬಾರಿ. ಕಲಿಯುವವರು, ಸಣ್ಣಪುಟ್ಟ ಲೆಕ್ಕ ಬರೆಯುವವರು ಒಡೆದ ಮಡಕೆ ಚೂರು, ಸುಣ್ಣಕಲ್ಲಿನ ಚಕ್ಕೆ ಬಳಸುತ್ತಿದ್ದರು. ಹೂಕುಂಡ ಒಡೆದು, ಅಂಚನ್ನು ಉಪ್ಪುಕಾಗದದಲ್ಲಿ ನೀನೇ ಉಜ್ಜಿ ಮೊಂಡು ಮಾಡಿ ತಗೊಂಡು ಹೋಗು. ದೇರ್ ಎಲ್-ಮದೀನಾ ಎಂಬ ಹಳ್ಳಿ, ರಾಜರ ಗೋರಿಗಳಲ್ಲಿ ಕೆತ್ತನೆ, ಚಿತ್ರ ಮಾಡುವವರ ಊರು. ಅಲ್ಲಿ ಇಂಥ ಬರಹದ ಚೂರುಗಳು ಸಾವಿರಾರು ಸಿಕ್ಕಿವೆ. ಅವುಗಳಲ್ಲಿ ಒಂದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಎರಡನೇ ರಾಮ್ಸೆಸ್‌ನ ಆಳ್ವಿಕೆಯ 40ನೇ ವರ್ಷದ್ದು. ಏನು ಗೊತ್ತೇ? ಹಾಜರಿ ಪುಸ್ತಕ!

— ಹಾಜರಿಯೇ?

— ಹಾಜರಿಯೇ. ಯಾರು ಯಾವ ದಿನ ಕೆಲಸಕ್ಕೆ ಬರಲಿಲ್ಲ, ಯಾಕೆ ಬರಲಿಲ್ಲ, ಎಲ್ಲ ಇದೆ. ಒಬ್ಬನಿಗೆ ಚೇಳು ಕುಟುಕಿತ್ತು. ಒಬ್ಬನಿಗೆ ಕಣ್ಣುಬೇನೆ. ಒಬ್ಬ ಬಿಯರ್ ಹದ ಹಾಕುತ್ತಿದ್ದ. ಇನ್ನೊಬ್ಬ ಮನೆಯಲ್ಲಿ ಸತ್ತವರ ಕ್ರಿಯೆಗೆ ಹೋಗಿದ್ದ. ಮೂವತ್ತು ವರ್ಷ ಹಾಜರಿ ಕೂಗಿದವಳು ನಾನು. ಅದರ ವಿಷಯ ಓದಿದಾಗ ಆ ಬರೆದವನು ನನ್ನ ಸಹೋದ್ಯೋಗಿ ಅನ್ನಿಸಿತು. ಮಕ್ಕಳಿಗೆ ಒಂದೊಂದು ಚೂರು ಕೊಟ್ಟು, ನೀವು ಶಾಲೆ ತಪ್ಪಿಸಿದ ಕಾರಣ ಚಿತ್ರದಲ್ಲಿ ಬರೆಯಿರಿ ಅನ್ನು. ಪಿರಮಿಡ್‌ಗಿಂತ ಇದನ್ನೇ ಮನೆಯಲ್ಲಿ ಹೇಳುತ್ತಾರೆ, ಬೇಕಾದರೆ ಪಂಥ ಕಟ್ಟು. ಇದೇ ಊರಿನವರು ಮೂರನೇ ರಾಮ್ಸೆಸ್ ಕಾಲದಲ್ಲಿ, ಕೂಲಿಯ ಧಾನ್ಯ ಸಮಯಕ್ಕೆ ಬರಲಿಲ್ಲ ಅಂತ ಕೆಲಸ ನಿಲ್ಲಿಸಿ ಹೋಗಿ ಕೂತರು. ದಾಖಲೆಯಲ್ಲಿರುವ ಮೊದಲ ಮುಷ್ಕರ ಅದೇ ಅನ್ನುತ್ತಾರೆ.

— ಅದನ್ನು ಹೇಳಿದರೆ ಮಕ್ಕಳು ಮಧ್ಯಾಹ್ನದ ಊಟಕ್ಕೆ ಮುಷ್ಕರ ಹೂಡುತ್ತಾರೆ. ಸರಿ, ಇಷ್ಟೊತ್ತು ತಪ್ಪಿಸಿಕೊಂಡಿರಿ. ಮಮ್ಮಿ? ಮಕ್ಕಳು ಕಾಯುವುದು ಅದಕ್ಕೇ. ಬಿಟ್ಟರೆ ಮೋಸ ಮಾಡಿದ ಹಾಗೆ.

— ಬಿಡು ಅಂತ ಎಲ್ಲಿ ಹೇಳಿದೆ? ಸೇಬಿನಲ್ಲಿ ಮಾಡಿಸು. ಒಂದು ಸೇಬನ್ನು ನಾಲ್ಕು ಹೋಳು ಮಾಡಿ ತೂಕ ನೋಡಿ ಬರೆದುಕೊಳ್ಳಿ. ಉಪ್ಪು, ಅಡುಗೆ ಸೋಡಾ ಸಮಸಮ ಬೆರೆಸಿ ಲೋಟಕ್ಕೆ ತುಂಬಿ, ಎರಡು ಹೋಳು ಅದರಲ್ಲಿ ಹೂತಿಡಿ. ಉಳಿದೆರಡು ಹಾಗೇ ಬಯಲಲ್ಲಿ ಇರಲಿ. ವಾರದ ಮೇಲೆ ತೆಗೆದರೆ ಹೂತ ಹೋಳು ಸುಕ್ಕುಗಟ್ಟಿ ಚರ್ಮದ ಹಾಗೆ ಆಗಿರುತ್ತದೆ, ಹಗುರವಾಗಿರುತ್ತದೆ, ಬೂಸ್ಟು ಬಂದಿರುವುದಿಲ್ಲ. ಈಜಿಪ್ಟಿನವರು ಬಳಸುತ್ತಿದ್ದ ನೇಟ್ರನ್ ಎಂಬ ಉಪ್ಪಿನಲ್ಲೂ ಸೋಡಾ ಮತ್ತು ಉಪ್ಪೇ ಇರುವುದು. ವಾದಿ ನತ್ರೂನ್ ಎಂಬ ಕಣಿವೆಯ ಒಣಗಿದ ಕೆರೆಗಳಿಂದ ತರುತ್ತಿದ್ದರು. ಹಪ್ಪಳ ಸಂಡಿಗೆ ಒಣಗಿಸುವ ಮನೆಯ ಮಕ್ಕಳಿಗೆ ನೀರು ಹೋದರೆ ಕೊಳೆಯುವುದಿಲ್ಲ ಅನ್ನುವುದು ಹೊಸದಲ್ಲ. ನಿಮ್ಮ ಊರಿನ ಮಕ್ಕಳಿಗೆ ಹೊಸದು.

— ದೇಹದ ವಿಷಯ ಎಷ್ಟು ಹೇಳಲಿ? ಕರುಳು, ಮಿದುಳು ಅಂದರೆ ಹೆದರುವುದಿಲ್ಲವೇ?

— ಮಕ್ಕಳು ಹೆದರುವುದಿಲ್ಲ, ಹೆದರುವುದು ತಾಯಂದಿರು. ಸರಳವಾಗಿ, ನೇರವಾಗಿ ಹೇಳು. ಸತ್ತ ಮೇಲೂ ದೇಹ ಬೇಕಾಗುತ್ತದೆ ಅಂತ ಅವರು ನಂಬಿದ್ದರು. ಅದಕ್ಕೇ ಉಪ್ಪಿನಲ್ಲಿ ಒಣಗಿಸಿ, ನಾರುಬಟ್ಟೆ ಸುತ್ತುತ್ತಿದ್ದರು. ಇಡೀ ಕೆಲಸಕ್ಕೆ 70 ದಿನ. ಯಕೃತ್ತು, ಶ್ವಾಸಕೋಶ, ಜಠರ, ಕರುಳು, ನಾಲ್ಕಕ್ಕೆ ನಾಲ್ಕು ಭರಣಿ. ಹೃದಯವನ್ನು ಮಾತ್ರ ದೇಹದಲ್ಲೇ ಬಿಡುತ್ತಿದ್ದರು, ಬುದ್ಧಿ ಇರುವುದು ಅಲ್ಲೇ ಅಂತ. ಮಿದುಳನ್ನು ಎಸೆದುಬಿಡುತ್ತಿದ್ದರು! ಇಲ್ಲಿ ತರಗತಿ ಗೊಳ್ಳೆನ್ನುತ್ತದೆ. ಎರಡನೇ ರಾಮ್ಸೆಸ್‌ನ ಮೂಗಿನ ಹೊಳ್ಳೆಯಲ್ಲಿ ಕರಿಮೆಣಸಿನ ಕಾಳು ಸಿಕ್ಕವು ಅನ್ನುವುದನ್ನೂ ಹೇಳು. ಮೆಣಸಿನ ಬಳ್ಳಿಯ ತವರು ನಮ್ಮ ಪಶ್ಚಿಮ ಘಟ್ಟ. 3,200 ವರ್ಷಗಳ ಹಿಂದೆಯೇ ಅದು ಅಷ್ಟು ದೂರ ಹೋಗಿತ್ತು. ನಾಲ್ಕು ಕಾಳು ಕಿಸೆಯಲ್ಲಿ ತಗೊಂಡು ಹೋಗಿ ಮೂಸಲು ಕೊಡು. ಮೂಗಿನೊಳಗೆ ತುರುಕದ ಹಾಗೆ ನೋಡಿಕೋ ಮಾತ್ರ.

— ಹಾಗಾದರೆ ಪೇಪರ್ ಸುತ್ತುವುದು ಖಂಡಿತ ಬೇಡ ಅನ್ನುತ್ತೀರಿ.

— ಗೊಂಬೆಗೆ ಹಳೇ ಬಟ್ಟೆ ಹರಿದು ಸುತ್ತಲಿ, ನಡುನಡುವೆ ತಾಯಿತ ಇಡಲಿ, ಅದು ಅವರು ಮಾಡಿದ್ದೇ. ಮಗುವಿಗೆ ಸುತ್ತಿ ದೆವ್ವದ ಹಾಗೆ ನಡೆಸಿದರೆ ಅದು ಹಾಲಿವುಡ್, ಈಜಿಪ್ಟ್ ಅಲ್ಲ. ಒಮ್ಮೆ ಮಕ್ಕಳನ್ನು ಹೈದರಾಬಾದಿಗೆ ಪ್ರವಾಸ ಕರೆದೊಯ್ದಿದ್ದೆವು. ಪಬ್ಲಿಕ್ ಗಾರ್ಡನ್ಸ್‌ನ ಮ್ಯೂಸಿಯಂನಲ್ಲಿ ನಿಜಾಮರ ಕಾಲದಲ್ಲಿ ತಂದ ಒಂದು ಮಮ್ಮಿ ಇದೆ, ಚಿಕ್ಕ ವಯಸ್ಸಿನ ಹೆಣ್ಣುಮಗಳದ್ದು. ಗದ್ದಲ ಮಾಡುತ್ತ ಹೋದ ನಮ್ಮ ಹುಡುಗರಲ್ಲಿ ಒಬ್ಬ ಗಾಜಿಗೆ ಮೂಗು ಒತ್ತಿ ನಿಂತು, ‘ಟೀಚರ್, ಇವಳನ್ನು ಇಲ್ಲಿಗೆ ಕರಕೊಂಡು ಬನ್ನಿ ಅಂತ ಯಾರು ಹೇಳಿದರು?’ ಅಂದ. ದುಡ್ಡಿದ್ದವರು ಕೊಂಡು ತಂದರು ಅಂತ ಹೇಳಿದೆ. ಅವನಿಗೆ ಆ ಉತ್ತರ ಸಾಲಲಿಲ್ಲ, ನನಗೂ ಸಾಲದು. ಮಮ್ಮಿ ಅಂದರೆ ಒಬ್ಬ ಮನುಷ್ಯ ಅನ್ನುವುದು ಮಗುವಿಗೆ ತಾನಾಗಿ ಹೊಳೆದಿರುತ್ತದೆ. ಆಟ ಆಡಿಸಿ ಅದನ್ನು ಮರೆಸುವವರು ನಾವು.

— ಮುಖವಾಡದ ವಿಷಯದಲ್ಲಿ ನಾನು ಬಿಡುವುದಿಲ್ಲ. ಟುಟಂಖಾಮುನ್ ಹೆಸರು ಎಲ್ಲ ಮಕ್ಕಳಿಗೂ ಗೊತ್ತು. ಹುಡುಗನಾಗಿದ್ದಾಗಲೇ ರಾಜನಾದವನು, ಹತ್ತೊಂಬತ್ತರ ಆಸುಪಾಸಿನಲ್ಲಿ ಸತ್ತವನು. ಮಕ್ಕಳಿಗೆ ತಮ್ಮವನು ಅನ್ನಿಸುತ್ತದೆ. ನೀವು ಮೇಸ್ತ್ರಿ, ಕೂಲಿ ಅಂತ ಎಷ್ಟು ಹೇಳಿದರೂ ಚಿನ್ನದ ಮುಂದೆ ನಡೆಯುವುದಿಲ್ಲ.

— ಒಪ್ಪಿದೆ. ಹಾಗಾದರೆ ಚಿನ್ನದ ಭಾರ ತೋರಿಸು. ಆ ಮುಖವಾಡ 10 ಕಿಲೋಗಿಂತ ಸ್ವಲ್ಪ ಹೆಚ್ಚು. ಹತ್ತು ಕಿಲೋ ಅಕ್ಕಿ ಚೀಲ ತಗೊಂಡು ಹೋಗಿ ಒಬ್ಬೊಬ್ಬರ ತೊಡೆ ಮೇಲೆ ಇಡು. ಆಮೇಲೆ ಪ್ಲೇಟಿಗೆ ಹಳದಿ ಬಳಿಯಲಿ, ನನ್ನ ತಕರಾರಿಲ್ಲ. ಪುರಾತತ್ತ್ವಜ್ಞ ಕಾರ್ಟರ್ 1922ರಲ್ಲಿ ಕಂಡುಹಿಡಿದ ಅವನ ಗೋರಿಯಲ್ಲಿ ಸೆನೆಟ್ ಎಂಬ ಆಟದ ಮಣೆಗಳೂ ಸಿಕ್ಕವು. ಮೂರು ಸಾಲು, ಸಾಲಿಗೆ ಹತ್ತು, ಒಟ್ಟು 30 ಮನೆ. ದಾಳದ ಬದಲು ಸೀಳಿದ ಕಡ್ಡಿಗಳನ್ನು ಎಸೆಯುವುದು, ಚಪ್ಪಟೆ ಮಗ್ಗುಲು ಮೇಲೆ ಬಿತ್ತೋ ಉಬ್ಬಿದ ಮಗ್ಗುಲೋ ಎಣಿಸುವುದು. ನಾವು ಚೌಕಾಬಾರಕ್ಕೆ ಕವಡೆ ಹಾಕುತ್ತೇವಲ್ಲ, ಆ ಲೆಕ್ಕ. ಮಜಾ ಏನೆಂದರೆ ಆಟದ ನಿಯಮ ಯಾರೂ ಬರೆದಿಟ್ಟಿಲ್ಲ. ಈಗ ಪೆಟ್ಟಿಗೆಯಲ್ಲಿ ಮಾರುವ ನಿಯಮಗಳೆಲ್ಲ ವಿದ್ವಾಂಸರ ಊಹೆ. ರಟ್ಟಿನ ಮೇಲೆ ಮಣೆ ಬರೆಸಿ, ಐಸ್‌ಕ್ರೀಮ್ ಕಡ್ಡಿ ಒಂದು ಕಡೆ ಬಣ್ಣ ಮಾಡಿಸಿ, ನಿಯಮ ನೀವೇ ಮಾಡಿ ಅಂತ ಬಿಟ್ಟುಬಿಡು. ಇತಿಹಾಸಕಾರರು ಮಾಡುವುದೂ ಅದನ್ನೇ.

— ಇದು ನನಗೆ ತುಂಬ ಹಿಡಿಸಿತು. ತಿನ್ನುವುದು ಏನಾದರೂ?

— ರೊಟ್ಟಿ. ಅವರ ಮುಖ್ಯ ಧಾನ್ಯ ಎಮ್ಮರ್ ಗೋಧಿ. ನಮ್ಮ ಬೆಳಗಾವಿ, ವಿಜಯಪುರ, ಧಾರವಾಡದ ಕಡೆ ಸದಕ ಅಂತಲೂ ಜವೆ ಗೋಧಿ ಅಂತಲೂ ಕರೆದು ಇವತ್ತಿಗೂ ಬೆಳೆಯುತ್ತಾರಲ್ಲ, ಹುಗ್ಗಿಗೆ ಅದೇ ಬೇಕು ಅನ್ನುತ್ತಾರಲ್ಲ, ಅದೇ ಜಾತಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅದರ ಹೊಸ ತಳಿಗಳನ್ನೂ ಬಿಡುಗಡೆ ಮಾಡಿದೆ. ನಿಮ್ಮಲ್ಲಿ ಆರೋಗ್ಯದ ಅಂಗಡಿಗಳಲ್ಲಿ ಸಿಗುತ್ತದೆ. ಹಿಟ್ಟು ತರಬೇಡ, ಕಾಳು ತಗೊಂಡು ಹೋಗು. ಚಪ್ಪಟೆ ಕಲ್ಲಿನ ಮೇಲೆ ಇನ್ನೊಂದು ಕಲ್ಲಿನಿಂದ ಮಂಡಿಯೂರಿ ಉಜ್ಜಲಿ. ಹತ್ತು ನಿಮಿಷಕ್ಕೆ ಒಂದು ಚಮಚ ಹಿಟ್ಟು ಬರುವುದಿಲ್ಲ, ಬಂದದ್ದರಲ್ಲೂ ಕಲ್ಲಿನ ಪುಡಿ. ಅವರ ರೊಟ್ಟಿಯಲ್ಲೂ ಹಾಗೇ ಇತ್ತು. ಮಮ್ಮಿಗಳ ಹಲ್ಲು ಸವೆದು ಚಪ್ಪಟೆಯಾಗಿರುವುದು ಅದರಿಂದಲೇ. ಅದನ್ನು ತಿನ್ನಿಸಬೇಡ, ಗೋಧಿ ಒಗ್ಗದ ಮಕ್ಕಳು ಯಾರು ಅಂತಲೂ ಮೊದಲೇ ಕೇಳಿಕೋ. ಹಾಗೇ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಮಕ್ಕಳ ಕೈ ಅಚ್ಚು ತೆಗೆಯುವ ಯೋಚನೆ ಇದ್ದರೆ ಕೈಬಿಡು. ಗಟ್ಟಿಯಾಗುವಾಗ ಕಾಯುತ್ತದೆ, ಸುಟ್ಟುಬಿಡುತ್ತದೆ.

— ಇಷ್ಟೆಲ್ಲ ಒಂದು ದಿನದಲ್ಲಿ ಆಗುವುದಿಲ್ಲ, ಚಿಕ್ಕಮ್ಮ. ನನಗೆ ಕೊಟ್ಟಿರುವುದು ಒಂದು ಮಧ್ಯಾಹ್ನ. ಒಂದೇ ಒಂದು ಮಾಡು ಅಂದರೆ ಯಾವುದು ಮಾಡಲಿ?

— ಇಟ್ಟಿಗೆ.

— ಮರಳಲ್ಲವೇ?

— ಮರಳು ಅರ್ಧ ಗಂಟೆಯ ಕೆಲಸ, ಅದನ್ನು ಹೇಗೂ ಮಾಡುತ್ತೀ. ಆದರೆ ಆ ದೇಶದಲ್ಲಿ ಕಲ್ಲು ದೇವರಿಗೆ, ಸತ್ತವರಿಗೆ. ಬದುಕಿದ್ದವರು, ರಾಜನೂ ಸೇರಿ, ಇದ್ದದ್ದು ಹಸಿ ಇಟ್ಟಿಗೆಯ ಮನೆಯಲ್ಲಿ. ನೈಲ್ ತಂದು ಹಾಕಿದ ಮೆಕ್ಕಲು ಮಣ್ಣು, ಕತ್ತರಿಸಿದ ಹುಲ್ಲು, ನೀರು. ರೆಖ್‌ಮಿರೆ ಎಂಬ ಮಂತ್ರಿಯ ಗೋರಿಯಲ್ಲಿ ಇಡೀ ಕೆಲಸ ಚಿತ್ರದಲ್ಲಿದೆ: ಕೊಳದಿಂದ ನೀರು ತರುವವರು, ಮಣ್ಣು ತುಳಿಯುವವರು, ತಳವಿಲ್ಲದ ಮರದ ಅಚ್ಚಿಗೆ ಹೊಯ್ದು ಎತ್ತುವವರು, ಸಾಲಾಗಿ ಒಣಗಿದ ಇಟ್ಟಿಗೆಗಳು. ಕೆಲವಕ್ಕೆ ರಾಜನ ಹೆಸರಿನ ಮುದ್ರೆ ಒತ್ತುತ್ತಿದ್ದರು. ನಿನ್ನ ಮಕ್ಕಳು ತಮ್ಮ ಹೆಸರು ಒತ್ತಲಿ, ಉಂಗುರ ಹಾಕಿಯೇ ಒತ್ತಲಿ. ಜಿಗುಟು ಮಣ್ಣಿಗೆ ಸಾಕುಮೊಲದ ಅಂಗಡಿಯ ಒಣಹುಲ್ಲು ಕತ್ತರಿಸಿ ಹಾಕಿ ಒಂದಿಷ್ಟು, ಹುಲ್ಲಿಲ್ಲದೆ ಒಂದಿಷ್ಟು. ಒಣಗಿದ ಮೇಲೆ ಯಾವುದು ಬಿರಿಯಿತು ಅಂತ ಅವರೇ ನೋಡಲಿ. ಅಚ್ಚನ್ನು ನೀರಿಗೆ ಅದ್ದಿ ಹೊಯ್ಯಬೇಕು, ಇಲ್ಲದಿದ್ದರೆ ಮಣ್ಣು ಅಂಟಿಕೊಂಡು ಮೂಲೆ ಮುರಿಯುತ್ತದೆ. ಇದನ್ನು ಮೊದಲೇ ಹೇಳಿಕೊಡಬೇಡ. ಒಂದು ಮೂಲೆ ಮುರಿಯಲಿ.

— ಮ್ಯಾಂಚೆಸ್ಟರ್ ಬಿಸಿಲಿನಲ್ಲಿ ಇಟ್ಟಿಗೆ ಒಣಗಿದ ಹಾಗೇ!

— ರೇಡಿಯೇಟರ್ ಮೇಲೆ ಹಲಗೆ ಇಟ್ಟು ಒಣಗಿಸು, ನೈಲಿನ ಸೂರ್ಯ ಅದೇ ಅಂದುಕೋ. ಮ್ಯಾಂಚೆಸ್ಟರ್ ಅಂದಿಯಲ್ಲ, ಅಲ್ಲಿಯ ಮ್ಯೂಸಿಯಂನ ಸಂಗ್ರಹದಲ್ಲಿ ಕಾಹುನ್ ಎಂಬ ಊರಿನ ವಸ್ತುಗಳಿವೆ. ಪಿರಮಿಡ್ ಕೆಲಸಕ್ಕೆ ಕಟ್ಟಿದ ಊರು ಅದು. ಪೆಟ್ರಿ ಎಂಬ ಪುರಾತತ್ತ್ವಜ್ಞ 1889ರಲ್ಲಿ ಅಗೆಯಲು ಶುರುಮಾಡಿದ. ಚಿನ್ನ ಗಿನ್ನ ಏನಿಲ್ಲ. ಮರದ ಇಟ್ಟಿಗೆ ಅಚ್ಚು ಇದೆ. ಮಕ್ಕಳ ಬುಗುರಿ, ಚಿನ್ನಿದಾಂಡಿನ ಚಿನ್ನಿ, ಮಣ್ಣಿನ ಪ್ರಾಣಿಗಳು ಅಲ್ಲಿಂದ ಸಿಕ್ಕಿವೆ. ಸುಮಾರು 3,800 ವರ್ಷ ಹಳೆಯವು. ತರಗತಿಯನ್ನು ಅಲ್ಲಿಗೆ ಕರೆದೊಯ್ಯುತ್ತಾರಾದರೆ ಮುಂಚೆಯೇ ಮ್ಯೂಸಿಯಂನವರಿಗೆ ಬರೆದು, ಆ ಅಚ್ಚನ್ನೂ ಆಟಿಕೆಗಳನ್ನೂ ಮಕ್ಕಳಿಗೆ ತೋರಿಸಬಹುದೇ ಅಂತ ಕೇಳು. ಮಮ್ಮಿಗಳ ಕೋಣೆಗೆ ಅವರು ಹೇಗೂ ಓಡುತ್ತಾರೆ. ಇಟ್ಟಿಗೆ ಹೊಯ್ದ ಕೈಯಿರುವಾಗಲೇ ಆ ಅಚ್ಚಿನ ಮುಂದೆ ಅವರನ್ನು ನಿಲ್ಲಿಸು.